ಹೆಂಗಸೆಂಬ ಕನಿಕರ

"ಹೆಂಗಸಾದ ಕಾರಣ ಸಣ್ಣ ಶಿಕ್ಷೆಯಲ್ಲಿ ಬಚಾವಾದಳು" ಎಂಬ ಮಾತನ್ನು ಕೋರ್ಟಿನ ಜಗಲಿಯಲ್ಲಿ ನಾನು ಕೇಳಿದ್ದಕ್ಕೆ ಲೆಕ್ಕವಿಲ್ಲ. ವಕೀಲರ ಗುಮಾಸ್ತನಾಗಿ ಇಪ್ಪತ್ತೆಂಟು ವರ್ಷ ಫೈಲು ಹೊತ್ತ ನನಗೆ ಅದು ತೀರ ಸುಳ್ಳೆಂದು ಹೇಳುವ ಧೈರ್ಯವಿಲ್ಲ. ಅಮೆರಿಕದ ಫೆಡರಲ್ ನ್ಯಾಯಾಲಯಗಳ ಪ್ರಕರಣಗಳನ್ನು ಪರಿಶೀಲಿಸಿ ಮಿಶಿಗನ್ ವಿಶ್ವವಿದ್ಯಾಲಯದ ಸೋನ್ಯಾ ಸ್ಟಾರ್ ಎಂಬ ಕಾನೂನು ಅಧ್ಯಾಪಕಿ 2012ರಲ್ಲಿ ತೋರಿಸಿದ್ದೂ ಅದನ್ನೇ: ಆಪಾದನೆಯೂ ಹಿಂದಿನ ಚರಿತ್ರೆಯೂ ಒಂದೇ ಬಗೆಯದಾಗಿದ್ದಾಗಲೂ ಗಂಡಸರಿಗೆ ಸರಾಸರಿ ಶೇಕಡಾ 63ರಷ್ಟು ಹೆಚ್ಚು ಸೆರೆವಾಸ. ಅಲ್ಲಿಯ ಮಾತು ಅಲ್ಲಿಗಿರಲಿ. ನಮ್ಮಲ್ಲಿ ಈ ಕನಿಕರ ಯಾವ ಬಗೆಯದು, ಯಾರಿಗೆ ಸಲ್ಲುತ್ತದೆ ಎಂಬುದು ನನ್ನನ್ನು ಬಹುಕಾಲ ಕಾಡಿದ ಪ್ರಶ್ನೆ.

ಕೆಲವು ರಿಯಾಯಿತಿಗಳನ್ನು ಕಾನೂನೇ ಬರೆದಿಟ್ಟಿದೆ. ಮರಣದಂಡನೆಗೆ ಗುರಿಯಾದವಳು ಗರ್ಭಿಣಿಯೆಂದು ಕಂಡುಬಂದರೆ ಹೈಕೋರ್ಟು ಆ ಶಿಕ್ಷೆಯನ್ನು ಜೀವಾವಧಿಗೆ ಇಳಿಸಬೇಕು. ಇದರಲ್ಲಿ ತಕರಾರು ಮಾಡುವವರು ಯಾರೂ ಇಲ್ಲ. ಜೀವಾವಧಿ ಶಿಕ್ಷೆಯ ಆಪಾದನೆಯಿದ್ದರೂ ಹೆಂಗಸಿಗೆ ಜಾಮೀನು ಕೊಡಬಹುದು. 2024 ಜುಲೈ 1ರಂದು ಜಾರಿಗೆ ಬಂದ ಹೊಸ ಸಂಹಿತೆಯೂ ಇದನ್ನು ಉಳಿಸಿಕೊಂಡಿದೆ. ಆದರೆ ಆ ವಾಕ್ಯದಲ್ಲಿ ಅವಳು ನಿಂತಿರುವುದು ಮಕ್ಕಳು, ರೋಗಿಗಳು, ಅಶಕ್ತರ ಸಾಲಿನಲ್ಲಿ. ಗದ್ದೆ ಕೆಲಸ ಮುಗಿಸಿ ತಲೆಹೊರೆಯೊಂದಿಗೆ ಗುಡ್ಡ ಹತ್ತುವ ನಮ್ಮ ಕಡೆಯ ಹೆಂಗಸರು ಇದನ್ನು ಓದಿದರೆ ನಕ್ಕಾರು.

ಹಳೆಯ ದಂಡಸಂಹಿತೆಯ 497ನೆಯ ಕಲಮಿನದು ಇನ್ನೂ ವಿಚಿತ್ರ. ವ್ಯಭಿಚಾರಕ್ಕೆ ಶಿಕ್ಷೆ ಗಂಡಸಿಗೆ ಮಾತ್ರ. ಹೆಂಗಸು ಪ್ರೇರಕಳೆಂಬ ನೆಲೆಯಲ್ಲೂ ಶಿಕ್ಷಾರ್ಹಳಲ್ಲ. ಎಂತಹ ಔದಾರ್ಯ ಎನಿಸಬೇಕು. ಮುಂದೆ ಓದಿದರೆ, ಅವಳ ಗಂಡನ ಸಮ್ಮತಿಯಿದ್ದರೆ ಅದು ಅಪರಾಧವೇ ಅಲ್ಲ! ಕಳವಾದ ಸೊತ್ತಿಗೆ ಶಿಕ್ಷೆ ವಿಧಿಸುವುದುಂಟೇ? ಅವಳನ್ನು ಬಿಟ್ಟದ್ದು ಆ ಲೆಕ್ಕದಲ್ಲಿ. 1985ರಲ್ಲಿ ಸುಪ್ರೀಂ ಕೋರ್ಟು ಈ ಕಲಮನ್ನು ಎತ್ತಿಹಿಡಿದಿತ್ತು. ಜೋಸೆಫ್ ಶೈನ್ ಎಂಬ ಮಲಯಾಳಿ ಹೂಡಿದ ಅರ್ಜಿಯ ಮೇಲೆ 2018ರ ಸೆಪ್ಟೆಂಬರ್ 27ರಂದು ಅದೇ ಕೋರ್ಟು ಅದನ್ನು ರದ್ದು ಮಾಡಿತು. ಎತ್ತಿಹಿಡಿದ ತೀರ್ಪು ಬರೆದವರು ವೈ. ವಿ. ಚಂದ್ರಚೂಡ್, ರದ್ದು ಮಾಡಿದ ಪೀಠದಲ್ಲಿ ಅವರ ಮಗನೂ ಇದ್ದರು.

ರಾಜೀವ್ ಗಾಂಧಿ ಹತ್ಯೆಯ ಮೊಕದ್ದಮೆ ಓದುಗರಿಗೆ ನೆನಪಿರಬಹುದು. 1999ರ ಮೇ ತಿಂಗಳಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ನಾಲ್ವರ ಗಲ್ಲುಶಿಕ್ಷೆಯನ್ನು ಖಾಯಂಗೊಳಿಸಿತು. ನಳಿನಿಯೊಬ್ಬಳ ವಿಷಯದಲ್ಲಿ ಮಾತ್ರ ಕೇರಳದವರೇ ಆದ ನ್ಯಾಯಮೂರ್ತಿ ಕೆ. ಟಿ. ಥಾಮಸ್ ಬೇರೆಯಾಗಿ ಬರೆದರು. ಅವಳು ಅಬಲೆ, ಇತರರ ಬಲೆಯಿಂದ ಹೊರಬರಲಾರದೆ ಹೋದಳು ಎಂಬುದು ಒಂದು ಕಾರಣ. ತಂದೆತಾಯಿ ಇಬ್ಬರನ್ನೂ ನೇಣಿಗೇರಿಸಿದರೆ ಸೆರೆಯಲ್ಲಿ ಹುಟ್ಟಿದ ಆ ಮಗು ಅನಾಥವಾಗುತ್ತದೆ ಎಂಬುದು ಇನ್ನೊಂದು. ಉಳಿದಿಬ್ಬರು ಒಪ್ಪಲಿಲ್ಲ. 2000ದಲ್ಲಿ ತಮಿಳುನಾಡಿನ ರಾಜ್ಯಪಾಲರು ಅವಳ ಶಿಕ್ಷೆಯನ್ನು ಜೀವಾವಧಿಗೆ ಇಳಿಸಿದರು. 2022ರ ನವೆಂಬರಿನಲ್ಲಿ ಬಿಡುಗಡೆಯೂ ಆಯಿತು. ನ್ಯಾಯಮೂರ್ತಿಗಳ ಎರಡನೆಯ ಕಾರಣಕ್ಕೆ ನಾನು ಕೈಮುಗಿಯುತ್ತೇನೆ. ಮೊದಲನೆಯದು ನನಗೆ ಹಿಡಿಸುವುದಿಲ್ಲ. ಅಬಲೆಯೆಂದು ಉಳಿಸುವ ಕೋರ್ಟು, ಅಬಲೆಯಂತೆ ಕಾಣದವಳನ್ನು ಏನು ಮಾಡುತ್ತದೆ?

2025ರ ಜನವರಿಯಲ್ಲಿ ನೆಯ್ಯಾಟ್ಟಿನ್‌ಕರದ ಸೆಷನ್ಸ್ ಕೋರ್ಟು, ಪ್ರಿಯಕರನಿಗೆ ವಿಷವುಣಿಸಿ ಕೊಂದಳೆಂದು ಇಪ್ಪತ್ತನಾಲ್ಕರ ಹುಡುಗಿಯೊಬ್ಬಳಿಗೆ ಮರಣದಂಡನೆ ವಿಧಿಸಿತು. ಆ ಅಪರಾಧ ಘೋರವೇ. ಆದರೆ ನಮ್ಮೂರಿನ ಬಸ್ಸುಗಳಲ್ಲಿ ಆ ವಾರ ನಾನು ಕೇಳಿದ್ದು "ಹೆಣ್ಣಾಗಿ ಹುಟ್ಟಿ ಹೀಗೆ ಮಾಡುವುದಾ?" ಎಂಬ ಮಾತನ್ನು. ಗಂಡು ಕೊಂದಾಗ ಗಂಡಾಗಿ ಹುಟ್ಟಿದ ವಿಚಾರ ಯಾರ ಬಾಯಲ್ಲೂ ಬರುವುದಿಲ್ಲ.

ಕೊಲೆಯ ಕಾನೂನಿನಲ್ಲೊಂದು ವಿನಾಯಿತಿಯಿದೆ: ಗಂಭೀರವಾದ, ಹಠಾತ್ತಾದ ಉದ್ರೇಕ. ಹಠಾತ್ತೆಂಬ ಈ ಅಳತೆ ಗಂಡಸಿನ ಸಿಟ್ಟಿಗೆ ಹೊಲಿದ ಅಂಗಿ. ಹೆಂಗಸಿನದು ವರ್ಷಗಟ್ಟಲೆ ಒಳಗೇ ಬೇಯುವಂಥದು. ಏಳು ಮಕ್ಕಳನ್ನು ಬಾವಿಗೆ ಎಸೆದು ತಾನೂ ಹಾರಿದ ನಲ್ಲತಂಗಾಳ್ ಕತೆ ತಮಿಳರದು; 1950ರಲ್ಲಿ ಅದು ಮಲಯಾಳ ಸಿನಿಮಾವೂ ಆಯಿತು. ಮಕ್ಕಳೊಂದಿಗೆ ಬಾವಿಗೆ ಹಾರಿ ತಾನು ಮಾತ್ರ ಬದುಕಿ ಕೊಲೆಯ ಆರೋಪ ಹೊತ್ತ ತಾಯಿಯೊಬ್ಬಳ ಮೊಕದ್ದಮೆಯಲ್ಲಿ 1989ರಲ್ಲಿ ಮದ್ರಾಸ್ ಹೈಕೋರ್ಟು ಆ ಹೆಸರನ್ನೇ ಎತ್ತಿ, ಬಹುಕಾಲ ಕೂಡಿಬಂದ ಉದ್ರೇಕವನ್ನೂ ಲೆಕ್ಕಕ್ಕೆ ಹಿಡಿಯಬೇಕೆಂದಿತು. ಇದನ್ನು ನಾನು ಕನಿಕರವೆಂದು ಕರೆಯಲಾರೆ. ಅಲ್ಲಿ ಅವಳ ಕತೆಯನ್ನು ಕೇಳಿದ್ದಾರೆ.

ಕೇಳಬೇಕಾದರೆ ಭಾಷೆ ಬೇಕು. ನಮ್ಮ ಗಡಿನಾಡಿನ ಕಷ್ಟ ಇಲ್ಲಿಂದ ಶುರು. ಶಿಕ್ಷೆ ವಿಧಿಸುವ ಮೊದಲು ಅಪರಾಧಿಯ ಮಾತನ್ನು ಕೇಳಬೇಕೆಂದು ನಿಯಮವಿದೆ. "ಎಂದೆಂಗಿಲುಂ ಪರಯಾನುಂಡೋ" ಎಂದು ಕೇಳುತ್ತಾರೆ. ಮಲಯಾಳ ಬಾರದ ಹೆಂಗಸು ಕೈಮುಗಿದು "ಮಕ್ಕಳಿದ್ದಾರೆ" ಎಂದಷ್ಟೇ ಹೇಳಿ ಸುಮ್ಮನಾಗುತ್ತಾಳೆ. ಗುಮಾಸ್ತನೋ ಪೇದೆಯೋ ಅದನ್ನು ದಾಟಿಸುತ್ತಾರೆ.

ನಾನೂ ದಾಟಿಸಿದ್ದೇನೆ. 1997ರಲ್ಲಿ, ಎರಡು ಮಕ್ಕಳನ್ನು ಕಟ್ಟಿಕೊಂಡು ಬಾವಿಗೆ ಹಾರಿದವಳು. ದೊಡ್ಡದು ತೀರಿಕೊಂಡಿತು, ಚಿಕ್ಕದು ಉಳಿಯಿತು. ವಿಚಾರಣೆಯಲ್ಲಿ ಅವಳು "ಸಾಕಾಗಿ ಹೋಗಿತ್ತು" ಎಂದದ್ದು ದಾಖಲೆಯಲ್ಲಿ "ಮಡುತ್ತು" ಎಂದಾಯಿತು. ತಪ್ಪೆನ್ನುವಂತಿಲ್ಲ. ಆದರೆ ಅಂಬಡೆ ಗೊಜ್ಜು ದಿನಾ ಉಂಡವನೂ ಮಲಯಾಳದಲ್ಲಿ "ಮಡುತ್ತು" ಎನ್ನುತ್ತಾನೆ. ಕೋರ್ಟು ಶಿಕ್ಷೆಯನ್ನು ಕಡಿಮೆಯೇ ಮಾಡಿತು, ಐದು ವರ್ಷ. ಹೆಂಗಸು, ಹಸುಗೂಸಿನ ತಾಯಿ ಎಂಬುದು ಕಾರಣ.

ಕೆಳಗಿಳಿಯುವಾಗ ಮೆಟ್ಟಿಲಲ್ಲಿ ನಿಂತು ಅವಳು ಕೇಳಿದಳು: "ಅಣ್ಣಾ, ಅವರು ನನ್ನನ್ನು ಮೂರು ಸಲ ರಾತ್ರಿಗೆ ಮನೆಯಿಂದ ಹೊರಗೆ ಹಾಕಿದ್ದು ಬರೆದದ್ದುಂಟಾ ಅದರಲ್ಲಿ?" ತೀರ್ಪಿನ ಪ್ರತಿ ಕೈಗೆ ಬಂದಮೇಲೆ ಹಾಳೆ ಹಾಳೆ ನೋಡಿದೆ. ಇರಲಿಲ್ಲ. ಅಷ್ಟರಲ್ಲಿ ಅವಳನ್ನು ಕಣ್ಣೂರು ಜೈಲಿಗೆ ಒಯ್ದಾಗಿತ್ತು.