ರ‍್ಯಾಲಿಯಲ್ಲಿ ನನ್ನದು ಎಣಿಸುವ ಕೆಲಸ

ಹಿಮಾಲಯದ ರ‍್ಯಾಲಿಗೆ ಹೋಗಿದ್ದೆ ಅಂದ ತಕ್ಷಣ ಎಲ್ಲರೂ ಕೇಳುವ ಪ್ರಶ್ನೆ ಒಂದೇ: "ಯಾವ ಗಾಡಿ ಓಡಿಸಿದ್ರಿ?" ನಾನು ಯಾವ ಗಾಡಿಯನ್ನೂ ಓಡಿಸಲಿಲ್ಲ. ಹೆಚ್ಚುಕಡಿಮೆ 4,000 ಮೀಟರ್ ಎತ್ತರದಲ್ಲಿ, ಮಡಚುವ ಮೇಜಿನ ಮುಂದೆ, ಎರಡು ಜೊತೆ ಕೈಗವಸು ಹಾಕಿಕೊಂಡು, ಬಂದ ಗಾಡಿಗಳ ನಂಬರ್ ಬರೆದುಕೊಳ್ಳುತ್ತ ಕೂತಿದ್ದೆ. ಊಟ, ಟೆಂಟು ಅವರದು. ವಿಮಾನದ ಟಿಕೆಟ್ಟು, ರಜೆ ನಮ್ಮದು.

ವಿಜಯನಗರದ ನಮ್ಮ ಮನೆಯಲ್ಲಿ ಈ ವಿಷಯ ಹೇಳಿದ ದಿನ ಅಮ್ಮ ನೇರವಾಗಿಯೇ ಕೇಳಿದ್ದಳು. "ನೀನು ಓಡ್ಸಲ್ಲ, ಗೆಲ್ಲಲ್ಲ, ಅವರು ಕಾಸೂ ಕೊಡಲ್ಲ. ಮತ್ಯಾಕೆ ಹೋಗ್ತೀಯೇ?" ಆಗ ನನ್ನ ಹತ್ತಿರ ಸರಿಯಾದ ಉತ್ತರ ಇರಲಿಲ್ಲ. "ನೋಡ್ಕೊಂಡು ಬರ್ತೀನಮ್ಮ" ಅಂದೆ, ಅಷ್ಟೇ.

ನಾನು ಹೋದದ್ದು ರೇಡ್ ಡಿ ಹಿಮಾಲಯಕ್ಕೆ. ಶಿಮ್ಲಾದ ಹಿಮಾಲಯನ್ ಮೋಟಾರ್‌ಸ್ಪೋರ್ಟ್ ಅಸೋಸಿಯೇಷನ್ 1999ರಲ್ಲಿ ಶುರು ಮಾಡಿದ ರ‍್ಯಾಲಿ ಅದು. ಕಾರು, ಜೀಪು, ಬೈಕು ಎಲ್ಲವೂ ಇರುತ್ತಿದ್ದವು. ನಡೆಯುತ್ತಿದ್ದದ್ದು ಅಕ್ಟೋಬರ್ ಹೊತ್ತಿಗೆ, ಅಂದರೆ ಪ್ರವಾಸಿಗಳು ಇಳಿದು ಹೋದ ಮೇಲೆ, ಹಿಮ ಬಂದು ದಾರಿ ಮುಚ್ಚುವುದಕ್ಕೆ ಮುಂಚೆ. 2020ರಲ್ಲಿ ಅಟಲ್ ಸುರಂಗ ತೆರೆದ ಮೇಲೆ ಮನಾಲಿಯಿಂದ ಲಾಹೌಲ್‌ಗೆ ಹೋಗೋದು ಸಲೀಸು. ನಾವು ಹೋದಾಗ ರೋಹತಾಂಗ್ ಹತ್ತಿ ಇಳಿಯದೆ ಬೇರೆ ದಾರಿ ಇರಲಿಲ್ಲ.

ಈ ಹುಚ್ಚು ಹತ್ತಿದ್ದು ಮಾತ್ರ ನಮ್ಮೂರಲ್ಲೇ. ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ನಡೆಸುವ ಕೆ-1000 ರ‍್ಯಾಲಿಗೆ ಆಫೀಸಿನ ಗೆಳತಿಯೊಬ್ಬಳು ಒಮ್ಮೆ ಕರೆದುಕೊಂಡು ಹೋಗಿದ್ದಳು. ಕೈಗೊಂದು ಸೀಟಿ ಕೊಟ್ಟು, ಊರಾಚೆ ಮಣ್ಣುರಸ್ತೆಯ ಒಂದು ತಿರುವಿನಲ್ಲಿ ನಿಲ್ಲಿಸಿದರು. ಎಮ್ಮೆ ಹೊಡೆದುಕೊಂಡು ಬಂದ ಅಜ್ಜನಿಗೆ "ತಾತ, ಹತ್ತು ನಿಮಿಷ ತಡೀರಿ" ಅಂತ ಕೈಮುಗಿಯೋದು ಕೂಡ ನನ್ನ ಕೆಲಸವೇ ಆಗಿತ್ತು. ಸಂಜೆ ಮನೆಗೆ ಬಂದಾಗ ಕಿವಿಯೊಳಗೂ ಕೆಂಪು ಧೂಳು. ಆದರೂ ಮುಂದಿನ ವರ್ಷ ಮತ್ತೆ ಹೋದೆ.

ಹಿಮಾಲಯದ ಲೆಕ್ಕ ಬೇರೆ. ಬೆಂಗಳೂರು ಇರುವುದು ಸುಮಾರು 920 ಮೀಟರ್ ಎತ್ತರದಲ್ಲಿ. ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿ ಸುಮಾರು 1,930. ಲಾಹೌಲ್ ಮತ್ತು ಸ್ಪಿತಿ ನಡುವಿನ ಕುಂಜುಮ್ ಕಣಿವೆದಾರಿ ಸುಮಾರು 4,550 ಮೀಟರ್. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. ಒಂದೊಂದು ಉಸಿರಿಗೂ ಸಿಗುವ ಆಮ್ಲಜನಕ ಅಷ್ಟಕ್ಕಷ್ಟೆ. ಇಂಜಿನ್ನಿಗೂ ಅದೇ ಕಷ್ಟ. ಊರಲ್ಲಿ ಹಾರುವ ಬೈಕು ಅಲ್ಲಿ ಏದುಸಿರು ಬಿಡುತ್ತದೆ. ನೀರು 85 ಡಿಗ್ರಿ ಸುಮಾರಿಗೇ ಕುದಿಯೋದರಿಂದ ಕುಕ್ಕರ್ ಇಲ್ಲದೆ ಅನ್ನ ಬೇಯೋದಿಲ್ಲ. ಅಮ್ಮ ಗಾಳಿಯಾಡದ ಹಾಗೆ ಸೀಲ್ ಮಾಡಿ ಕೊಟ್ಟಿದ್ದ ಚಟ್ನಿಪುಡಿ ಪ್ಯಾಕೆಟ್ ರೋಹತಾಂಗ್ ಮೇಲೆ ಬಲೂನಿನ ಹಾಗೆ ಊದಿಕೊಂಡಿತ್ತು.

ಮೇಲೆ ಹೋಗುವ ಮುಂಚೆ ಡಾಕ್ಟರು ನಮ್ಮನ್ನೆಲ್ಲ ಕೂರಿಸಿ ಹೇಳಿದ್ದು ನಾಲ್ಕೇ ಮಾತು. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗವನ್ನು ಒಂದು ರಾತ್ರಿಗೆ 500 ಮೀಟರಿಗಿಂತ ಹೆಚ್ಚು ಏರಿಸಬೇಡಿ. ತಲೆನೋವು, ವಾಕರಿಕೆ ಬಂದರೆ ಮುಚ್ಚಿಡಬೇಡಿ. ಜಾಸ್ತಿಯಾದರೆ ಕೆಳಗೆ ಇಳಿಯೋದೇ ಔಷಧಿ. ನಡೆಯುವಾಗ ತೂರಾಡಿದರೆ, ಕೂತಲ್ಲೇ ಉಸಿರು ಕಟ್ಟಿದರೆ, ಬೆಳಗಾಗುವವರೆಗೂ ಕಾಯಬೇಡಿ. ಜಿಮ್‌ಗೆ ಹೋಗುವ ಹುಡುಗರೇ ಮೊದಲು ಮಲಗಿದ್ದನ್ನು ನಾನು ಕಣ್ಣಾರೆ ಕಂಡೆ. ಎತ್ತರಕ್ಕೆ ತೋಳಿನ ದಪ್ಪ ಲೆಕ್ಕಕ್ಕಿಲ್ಲ.

ಇನ್ನು ಕೆಲಸದ ವಿಷಯ. ರ‍್ಯಾಲಿಯಲ್ಲಿ ಎಲ್ಲರೂ ಒಟ್ಟಿಗೆ ಹೊರಡೋದಿಲ್ಲ. ಒಬ್ಬರಾದ ಮೇಲೆ ಒಬ್ಬರನ್ನು ಸಮಯ ನೋಡಿ ಬಿಡುತ್ತಾರೆ. ಕೈಯಲ್ಲೊಂದು ಟೈಮ್ ಕಾರ್ಡ್. ಕಂಟ್ರೋಲ್‌ಗೆ ತಡವಾಗಿ ಬಂದರೆ ದಂಡ, ಬೇಗ ಬಂದರೂ ದಂಡ. ಅಂತಾರಾಷ್ಟ್ರೀಯ ರ‍್ಯಾಲಿಗಳಲ್ಲಿ ತಡವಾದ ಪ್ರತಿ ನಿಮಿಷಕ್ಕೆ 10 ಸೆಕೆಂಡ್ ಸೇರಿಸಿದರೆ, ಬೇಗ ಬಂದ ಪ್ರತಿ ನಿಮಿಷಕ್ಕೆ ಪೂರ್ತಿ ಒಂದು ನಿಮಿಷ ಸೇರಿಸುತ್ತಾರೆ. ವೇಗದ ಹಂತ ಮುಗಿದ ಕಡೆ ಗಾಡಿಗಳು ಓಡುತ್ತಲೇ ಗೆರೆ ದಾಟುತ್ತವೆ. ಸ್ವಲ್ಪ ಮುಂದೆ ಕೆಂಪು ಸ್ಟಾಪ್ ಬೋರ್ಡ್. ಅಲ್ಲಿ ನಿಲ್ಲಿಸಿ, ಕಾರ್ಡಿನಲ್ಲಿ ಸಮಯ ಬರೆದು ಸಹಿ ಹಾಕಿ ಕೊಡುವವರು ನಮ್ಮಂಥವರು.

ಅದರ ಜೊತೆ ಇನ್ನೊಂದು ಹಾಳೆ ಇರುತ್ತದೆ. ಅದನ್ನು ಓಡಿಸುವವರು ನೋಡೋದೇ ಇಲ್ಲ. ಎಷ್ಟು ಗಾಡಿ ಹೊರಟಿತು, ಮಧ್ಯದ ರೇಡಿಯೋ ಪಾಯಿಂಟ್ ದಾಟಿದ್ದು ಯಾವ ಯಾವ ನಂಬರು, ನಮ್ಮ ಹತ್ತಿರ ಬಂದು ಸೇರಿದ್ದು ಯಾವ್ಯಾವುದು, ಎಲ್ಲ ಅದರಲ್ಲಿ. ಹೊರಟ ನಂಬರು ಒಂದೋ ಬಂದು ಸೇರಬೇಕು, ಇಲ್ಲವೇ ಎಲ್ಲಿ ನಿಂತಿದೆ ಅಂತ ಗೊತ್ತಾಗಬೇಕು. ಅಲ್ಲಿಯವರೆಗೆ ಕಂಟ್ರೋಲ್ ಮುಚ್ಚೋ ಹಾಗಿಲ್ಲ.

ನಮ್ಮ ಪಾಯಿಂಟು ಇದ್ದದ್ದು ಬಾತಲ್ ಹತ್ತಿರ. ಕುಂಜುಮ್‌ನಿಂದ ಹಾವಿನ ಹಾಗೆ ಸುತ್ತಿ ಸುತ್ತಿ ಇಳಿಯುವ ದಾರಿ ಚಂದ್ರಾ ನದಿಯ ಹತ್ತಿರ ಬಂದು ಸೇರುವ ಜಾಗ. ಊರು ಅನ್ನುವಂಥದ್ದೇನೂ ಇಲ್ಲ. ಒಂದು ಸೇತುವೆ, ಕಲ್ಲಿನ ಗೋಡೆಯ ಕೆಲವು ಧಾಬಾಗಳು. ಹಿಮದಲ್ಲಿ ಸಿಕ್ಕಿಹಾಕಿಕೊಂಡವರಿಗೆ ಜಾಗ ಕೊಟ್ಟು ಹೆಸರಾದ ಚಾಚಾ-ಚಾಚಿ ಧಾಬಾ ಇರೋದು ಅಲ್ಲೇ. ನನ್ನ ಜೊತೆಗಿದ್ದವರು ಶಿಮ್ಲಾ ಕಡೆಯ ನಿವೃತ್ತ ಸುಬೇದಾರರು. ನನ್ನನ್ನು ಬೇಟಾ ಅಂತ ಕರೆಯೋರು. ಪ್ರತಿ ಐದು ಗಾಡಿಗೊಮ್ಮೆ ಹಾಳೆಯನ್ನು ನನ್ನಿಂದ ಗಟ್ಟಿಯಾಗಿ ಓದಿಸೋರು. ಬೆಳಗ್ಗೆ ಅದು ನನಗೆ ಸ್ವಲ್ಪ ಕಿರಿಕಿರಿಯೇ ಆಗಿತ್ತು.

ಮೊದಲು ಬೈಕುಗಳು ಬಂದವು. ಒಬ್ಬ ಹುಡುಗ ಹತ್ತು ಸೆಕೆಂಡಿನ ಲೆಕ್ಕಕ್ಕೆ ನನ್ನ ಮೇಲೆ ರೇಗಿದ. ಇನ್ನೊಬ್ಬ ಹೆಲ್ಮೆಟ್ ತೆಗೆದು ಅಲ್ಲೇ ವಾಂತಿ ಮಾಡಿ, ಒರೆಸಿಕೊಂಡು, ಥ್ಯಾಂಕ್ಯೂ ಹೇಳಿ ಹೋದ. ಆಮೇಲೆ ಕಾರುಗಳು ಶುರುವಾದವು. ಹಾಳೆಯಲ್ಲಿ ಎರಡು ಬೈಕಿನ ಜಾಗ ಖಾಲಿ ಇತ್ತು. ಎರಡೂ ಕುಂಜುಮ್ ಪಾಯಿಂಟ್ ದಾಟಿದ್ದವು, ಒಂದರ ಹಿಂದೆ ಒಂದು.

ಎರಡನೇ ಕಾರಿನ ನ್ಯಾವಿಗೇಟರ್ ಕಿಟಕಿ ಇಳಿಸಿ, "ಮೇಲೆ ತಿರುವಿನಲ್ಲಿ ಒಂದು ಬೈಕ್ ನಿಂತಿದೆ. ಹತ್ತಿರ ಯಾರೂ ಇಲ್ಲ" ಅಂದರು.

ರ‍್ಯಾಲಿಯಲ್ಲಿ ಗಾಡಿ ನಿಲ್ಲೋದು ಹೊಸದಲ್ಲ. ಚೈನ್ ತುಂಡಾಗುತ್ತದೆ, ಟೈರು ಹೋಗುತ್ತದೆ. ಆದರೆ ನಿಂತವನು ಗಾಡಿಯ ಹತ್ತಿರವೇ ಇರುತ್ತಾನೆ. ಏನೂ ಆಗಿಲ್ಲ ಅಂದರೆ ಹಿಂದಿನವರಿಗೆ ಕೈ ತೋರಿಸುತ್ತಾನೆ. ಕಾರಿನಲ್ಲಾದರೆ ಓಕೆ ಅಂತ ಬರೆದ ಹಲಗೆ ಹಿಡಿಯುತ್ತಾರೆ, ವೈದ್ಯರು ಬೇಕಿದ್ದರೆ ಕೆಂಪು ಎಸ್‌ಓಎಸ್. ಬೈಕಿನ ಹತ್ತಿರ ಯಾರೂ ಇಲ್ಲ ಅಂದರೆ ಅವನು ಎಲ್ಲಿ ಹೋದ?

ಸುಬೇದಾರರು ರೇಡಿಯೋದಲ್ಲಿ ಹೇಳಿದ ಕೂಡಲೇ ಉಳಿದ ಕಾರುಗಳನ್ನು ಆಚೆ ಕಡೆಯಲ್ಲೇ ತಡೆದರು. ಆಂಬುಲೆನ್ಸ್ ಹೊರಟಿತು. ರೇಡಿಯೋದಲ್ಲಿ ಕೇಳಿದ ಪ್ರಶ್ನೆ ಒಂದೇ: "ಹುಡುಕಬೇಕಾದ್ದು ಒಬ್ಬರನ್ನಾ, ಇಬ್ಬರನ್ನಾ?"

ಕಾರಿನವರು ನೋಡಿದ್ದು ಒಂದು ಬೈಕು. ನನ್ನ ಹಾಳೆಯಲ್ಲಿ ಖಾಲಿ ಇದ್ದದ್ದು ಎರಡು ಜಾಗ. ಸುಬೇದಾರರು ನನ್ನ ಮುಖ ನೋಡಿದರು. ನಾನು ಮೊದಲಿನಿಂದ ಬೆರಳಿಟ್ಟು ಮತ್ತೊಮ್ಮೆ ಎಣಿಸಿದೆ. "ಇಬ್ಬರು" ಅಂದೆ.

ಆಮೇಲೆ ಒಂದು ಗಂಟೆ ಇಪ್ಪತ್ತು ನಿಮಿಷ ನಾವು ಮಾಡಿದ ಕೆಲಸ ಅಂದರೆ ಕಾಯೋದು. ಬಿಸಿಲು ಬೆಟ್ಟದ ಹಿಂದೆ ಸರಿದ ತಕ್ಷಣ ಚಳಿ ಹೇಗೆ ಬಂದು ಎದೆಗೆ ಒದೆಯುತ್ತದೆ ಅನ್ನೋದು ಅಲ್ಲಿ ನಿಂತವರಿಗೇ ಗೊತ್ತು. ಬಾಟಲಿಯ ನೀರು ಅಂಚಿನಲ್ಲಿ ಗಟ್ಟಿಯಾಗುತ್ತಿತ್ತು. ಹೋಗಿ ಹುಡುಕೋಣ ಅನ್ನಿಸುತ್ತಿತ್ತು. ಆದರೆ ಕಂಟ್ರೋಲ್ ಬಿಟ್ಟು ಹೋದರೆ ಇನ್ನೆರಡು ಜನರನ್ನು ಹುಡುಕುವ ಕೆಲಸ ಬೇರೆಯವರಿಗೆ ಬರುತ್ತದೆ. ಧಾಬಾದಿಂದ ಯಾರೋ ಚಹಾ ತಂದುಕೊಟ್ಟರು. ಸುಬೇದಾರರು ಕುಡಿಯಲಿಲ್ಲ, ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದರು.

ಇಬ್ಬರೂ ಸಿಕ್ಕರು. ಮುಂದಿದ್ದ ಹುಡುಗ ತಿರುವಿನಲ್ಲಿ ಜಾರಿ, ಬೈಕಿನ ಸಮೇತ ಕೆಳಗಿನ ಕಲ್ಲುರಾಶಿಗೆ ಬಿದ್ದಿದ್ದ. ರಸ್ತೆಯಿಂದ ಕಾಣುತ್ತಿರಲಿಲ್ಲ. ಹಿಂದಿದ್ದವನು ಅದನ್ನು ಕಂಡು, ತನ್ನ ಬೈಕು ನಿಲ್ಲಿಸಿ ಇಳಿದು ಹೋಗಿದ್ದ. ಬಿದ್ದವನ ಕೊರಳೆಲುಬು ಮುರಿದಿತ್ತು. ಅವನಿಗೆ ತನ್ನ ಜಾಕೆಟ್ ಹೊದಿಸಿ, ಬರೀ ಒಳಂಗಿಯಲ್ಲಿ ಪಕ್ಕದಲ್ಲೇ ಕೂತಿದ್ದನಂತೆ. ಕೂಗಿದರೆ ಗಾಳಿಗೆ ಮೇಲೆ ಕೇಳೋದಿಲ್ಲ, ಹತ್ತಿ ಬರೋಣ ಅಂದರೆ ಬಿದ್ದವನು ಕೈ ಬಿಡುತ್ತಿಲ್ಲ. ಆಂಬುಲೆನ್ಸಿನವರಿಗೆ ನಿಂತ ಬೈಕಿನವನು ಮೊದಲು ಕಂಡನಂತೆ. ಇನ್ನೊಬ್ಬ ಇದ್ದಾನೆ ಅಂತ ಗೊತ್ತಿದ್ದರಿಂದ ಮೊದಲೇ ಸ್ಟ್ರೆಚರ್ ಹಿಡಿದುಕೊಂಡು ಇಳಿದಿದ್ದರು.

ಗಾಡಿ ನಮ್ಮ ಹತ್ತಿರ ನಿಂತಾಗ ನಡುಗುತ್ತಿದ್ದ ಎರಡನೆಯವನು ತನ್ನ ಕಾರ್ಡ್ ಚಾಚಿದ. ನಾನು ಸಮಯ ಬರೆದೆ. ನಿಂತು ನೆರವಾದವರಿಗೆ ಕಳೆದುಹೋದ ಸಮಯವನ್ನು ವಾಪಸ್ ಕೊಡುವ ಪದ್ಧತಿ ಡಕಾರ್‌ನಂಥ ದೊಡ್ಡ ರ‍್ಯಾಲಿಗಳಲ್ಲಿದೆ. ಅದನ್ನು ಲೆಕ್ಕ ಹಾಕೋದಕ್ಕೂ ಇಂಥ ಚೀಟಿಗಳೇ ಆಧಾರ. ಹಾಳೆಯ ಎರಡು ಖಾಲಿ ಜಾಗ ತುಂಬಿದ ಮೇಲೆ ಸುಬೇದಾರರು ಆರಿಹೋದ ಚಹಾ ಕುಡಿದರು. ಯಾರೂ ಚಪ್ಪಾಳೆ ತಟ್ಟಲಿಲ್ಲ.

ನಮಗೆ ಗೊತ್ತಿರುವ ಹೆಸರುಗಳು ಓಡಿಸುವವರವು. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ದಕ್ಷಿಣ ಅಮೆರಿಕದಲ್ಲಿ ನಡೆದ ಡಕಾರ್ ರ‍್ಯಾಲಿಯನ್ನು 36ನೇ ಸ್ಥಾನದಲ್ಲಿ ಮುಗಿಸಿದರು. ಆ ರ‍್ಯಾಲಿಯನ್ನು ಪೂರ್ತಿ ಮಾಡಿದ ಮೊದಲ ಭಾರತೀಯ ಅವರು. ಆ ವರ್ಷದ ದಾರಿ ಬೊಲಿವಿಯಾದ ಉಯುನಿ ಉಪ್ಪಿನ ಬಯಲಿಗೂ ಹತ್ತಿತ್ತು, ಅದೂ 3,600 ಮೀಟರಿಗಿಂತ ಎತ್ತರ. ಬಿಗ್ ಬಾಸ್ ನೋಡಿದವರಿಗೆ ಗೊತ್ತಿರುವ ಉಡುಪಿಯ ಕೆ.ಪಿ. ಅರವಿಂದ್ 2019ರಲ್ಲಿ ಅದೇ ಡಕಾರ್ ಮುಗಿಸಿದರು. ಇವರನ್ನೆಲ್ಲ ನೋಡಿ ಹೆಮ್ಮೆಪಡೋಣ. ಆದರೆ 2021ರ ಜನವರಿಯಲ್ಲಿ ಸೌದಿ ಅರೇಬಿಯಾದ ಮರುಭೂಮಿಯಲ್ಲಿ ಸಂತೋಷ್ ಬಿದ್ದು ತಲೆಗೆ ಪೆಟ್ಟಾದಾಗ, ಹೆಲಿಕಾಪ್ಟರಿನಲ್ಲಿ ರಿಯಾದ್ ಆಸ್ಪತ್ರೆಗೆ ಸೇರಿಸಿದವರ ಹೆಸರು ನಮಗ್ಯಾರಿಗೂ ಗೊತ್ತಿಲ್ಲ. ಅವರು ವಾಪಸ್ ಮನೆಗೆ ಬಂದರು. ಆ ಸುದ್ದಿ ಓದಿದ ದಿನ ನನಗೆ ನೆನಪಾದದ್ದು ಬಾತಲ್‌ನ ಆ ಆರಿದ ಚಹಾ.

ಊರಿಗೆ ಬಂದು ಅಮ್ಮನಿಗೆ ಎಲ್ಲ ಹೇಳಿದೆ. ಕೇಳಿ ಮುಗಿಸಿ, "ಅಷ್ಟೇ ತಾನೆ? ನಾನು ದಿನಾ ಮಾಡೋದು ಇನ್ನೇನು?" ಅಂದಳು. ನಿಜ. ಅಪ್ಪನಿಗೆ ಸೆಕೆಂಡ್ ಶಿಫ್ಟ್, ತಮ್ಮನಿಗೆ ರಾತ್ರಿ ಕ್ರಿಕೆಟ್ಟು, ನನಗೆ ಕ್ಯಾಬು. ಬಾಗಿಲ ಹತ್ತಿರದ ಚಪ್ಪಲಿ ಎಣಿಸಿ, ನಾಲ್ಕು ಜೊತೆ ಆದ ಮೇಲೆಯೇ ಅವಳು ಗೇಟಿಗೆ ಬೀಗ ಹಾಕಿ ಮಲಗೋದು. ಅಷ್ಟು ವರ್ಷ ಅದನ್ನು ನಾವು ಅಮ್ಮನ ಅಭ್ಯಾಸ ಅಂದುಕೊಂಡಿದ್ದೆವು, ಕೆಲಸ ಅಂದುಕೊಂಡಿರಲಿಲ್ಲ. ಯಾಕೆ ಹೋಗ್ತೀಯ ಅಂತ ಆಮೇಲೆ ಅವಳು ಕೇಳಲಿಲ್ಲ. ಮುಂದಿನ ಸಲಕ್ಕೆ ಎಷ್ಟು ಚಟ್ನಿಪುಡಿ ಬೇಕು ಅಂತ ಮಾತ್ರ ಕೇಳಿದಳು.

ನಿಮಗೂ ಹೋಗಬೇಕು ಅನ್ನಿಸಿದರೆ, ಮೊದಲು ಹತ್ತಿರದ ರ‍್ಯಾಲಿಯೊಂದರಲ್ಲಿ ಎರಡು ದಿನ ಬಿಸಿಲಲ್ಲಿ ನಿಂತು ನೋಡಿ. ಬೇಸರ ತಡೆದುಕೊಳ್ಳೋದು ಬಂದರೆ ಅರ್ಧ ಕೆಲಸ ಬಂದ ಹಾಗೆ. ಬೆಟ್ಟಕ್ಕೆ ಹೋಗುವ ಮುಂಚೆ ಡಾಕ್ಟರಿಗೆ ತೋರಿಸಿಕೊಳ್ಳಿ. ಎತ್ತರಕ್ಕೆ ಒಗ್ಗಿಕೊಳ್ಳಲು ರಜೆಯಲ್ಲಿ ಮೂರು-ನಾಲ್ಕು ದಿನ ಹೆಚ್ಚೇ ಇಟ್ಟುಕೊಳ್ಳಿ, ಅದನ್ನು ಉಳಿಸಲು ಹೋಗಬೇಡಿ. ಹೆಣ್ಣುಮಕ್ಕಳು ಶೌಚಾಲಯದ ವ್ಯವಸ್ಥೆ ಏನು ಅಂತ ನಾಚಿಕೆ ಬಿಟ್ಟು ಮೊದಲೇ ಕೇಳಿ, ಬಯಲಲ್ಲಿ ಬಂಡೆಯ ಮರೆಯೇ ಗತಿ. ಒಣ ಕಾಲುಚೀಲ ಎಷ್ಟಿದ್ದರೂ ಸಾಲದು. ಮತ್ತೆ, ಎರಡು ಪೆನ್ಸಿಲ್ ಜೇಬಿನಲ್ಲಿರಲಿ. ಆ ಚಳಿಗೆ ಬಾಲ್‌ಪೆನ್ ಬರೆಯೋದಿಲ್ಲ.