ನಂದಿಯ ತಪ್ಪಲಿನಲ್ಲಿ ದ್ರಾಕ್ಷಾರಸ

ಕಳೆದ ಫಾಲ್ಗುಣ ಮಾಸದ ಒಂದು ಭಾನುವಾರ ಬೆಳಗಿನ ಜಾವದಲ್ಲಿ ನಾವು ಬೆಂಗಳೂರಿನಿಂದ ನಂದಿಯ ಕಡೆಗೆ ಹೊರಟೆವು. ನಂದಿಗೆ ಹೋಗುವವರು ಸಾಮಾನ್ಯವಾಗಿ ಸೂರ್ಯೋದಯವನ್ನು ನೋಡಲೆಂದು ಬೆಟ್ಟವನ್ನೇರುವರು. ನಾವಾದರೋ ಬೆಟ್ಟದ ಬುಡದಲ್ಲಿರುವ ದ್ರಾಕ್ಷಾರಸದ ಕಾರ್ಖಾನೆಯೊಂದನ್ನು ನೋಡಲು ಹೊರಟಿದ್ದೆವು. ದ್ರಾಕ್ಷಾರಸವೆಂದರೆ ಜನರು ವೈನ್ ಎಂದು ಕರೆಯುವ ಮದ್ಯವೇ ಸರಿ. ಮನೆಮಂದಿಯೆಲ್ಲರೂ ಓದುವ ಪತ್ರಿಕೆಯಲ್ಲಿ ಇಂಥ ಯಾತ್ರೆಯ ಮಾತೇಕೆಂದು ವಾಚಕರು ಹುಬ್ಬು ಗಂಟಿಕ್ಕಬಹುದು. ಅವರು ತುಸು ತಾಳ್ಮೆಯಿಂದ ಕಡೆಯವರೆಗೂ ಓದಬೇಕೆಂದು ನಮ್ಮ ಪ್ರಾರ್ಥನೆ.

ನಮ್ಮೊಡನೆ ಎರಡು ಸಂಸಾರಗಳು ಬಂದಿದ್ದುವು. ಒಬ್ಬರು ಆಯುರ್ವೇದ ಬಲ್ಲ ಪಂಡಿತರು. ಮತ್ತೊಬ್ಬರು ನಿವೃತ್ತರಾದ ಮೇಷ್ಟರು. ಮೇಷ್ಟರು ಹುಟ್ಟಿದುದು ದೇವನಹಳ್ಳಿಯ ಸೀಮೆಯ ಒಂದು ಹಳ್ಳಿಯಲ್ಲಿ. ತಾಯಿಗೆ ಕೊಟ್ಟ ಮಾತಿನಂತೆ ಅವರು ಜನ್ಮದಲ್ಲಿ ಮದ್ಯವನ್ನು ಮುಟ್ಟಿದವರಲ್ಲ. “ಹಾಗಾದರೆ ನೀವೇಕೆ ಬಂದಿರಿ?” ಎಂದು ಪಂಡಿತರು ಕೇಳಿದುದಕ್ಕೆ, “ದ್ರಾಕ್ಷಿಯ ತೋಟದೊಳಗೆ ಕಾಲಿಟ್ಟು ಬಹಳ ವರ್ಷವಾಯಿತು” ಎಂದಷ್ಟೇ ಹೇಳಿ ಕಿಟಕಿಯ ಕಡೆಗೆ ತಿರುಗಿದರು. ಆ ಮಾತಿನ ಭಾರವು ನಮಗೆ ಆಗ ತಿಳಿಯಲಿಲ್ಲ.

ಮೊದಲು ನಂದಿ ಗ್ರಾಮದಲ್ಲಿ ಭೋಗನಂದೀಶ್ವರನ ದರ್ಶನವನ್ನು ಮಾಡಿಕೊಂಡೆವು. ಒಂಬತ್ತನೆಯ ಶತಮಾನದಷ್ಟು ಹಳೆಯದಾದ ಆ ಗುಡಿಯ ಕಲ್ಲುಮಂಟಪಗಳಲ್ಲಿ ಬೆಳಗಿನ ತಂಪು ಇನ್ನೂ ಉಳಿದಿತ್ತು. ಬೆಟ್ಟದ ಮೇಲಿರುವವನು ಯೋಗನಂದೀಶ್ವರ. “ಭೋಗ ಕೆಳಗೆ, ಯೋಗ ಮೇಲೆ. ಈ ದಿನ ನಾವು ಮೇಲಕ್ಕೆ ಹೋಗುವ ಹಾಗಿಲ್ಲ” ಎಂದು ಪಂಡಿತರು ನಗಿಸಿದರು.

ಈ ಸೀಮೆಗೆ ದ್ರಾಕ್ಷಿ ಹೊಸತಲ್ಲ. ಬೆಂಗಳೂರು ನೀಲಿ ಎಂಬ ಕಪ್ಪು ದ್ರಾಕ್ಷಿಯನ್ನು ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರದ ರೈತರು ತಲೆಮಾರುಗಳಿಂದ ಬೆಳೆಯುತ್ತ ಬಂದಿರುವರು. 2013ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮನ್ನಣೆಯೂ ದೊರೆಯಿತು. ಆದರೆ ಫ್ರಾನ್ಸ್ ದೇಶದ ತಳಿಗಳನ್ನು ದ್ರಾಕ್ಷಾರಸಕ್ಕೆಂದೇ ಇಲ್ಲಿ ನೆಡುವ ಸಾಹಸವು 1980ರ ದಶಕದಲ್ಲಿ ಮೊದಲಾಯಿತು. ಕನ್ವಲ್ ಗ್ರೋವರ್ ಎಂಬವರು ಫ್ರೆಂಚ್ ತಜ್ಞ ಜಾರ್ಜ್ ವೆಸೆಲ್ ಅವರ ಸಲಹೆಯನ್ನು ಪಡೆದು ಈ ತಪ್ಪಲನ್ನು ಆರಿಸಿಕೊಂಡರು. ಕರ್ನಾಟಕ ಸರ್ಕಾರವು 2007ರಲ್ಲಿ ದ್ರಾಕ್ಷಾರಸದ ನೀತಿಯೊಂದನ್ನು ಪ್ರಕಟಿಸಿ ಈ ಉದ್ಯಮಕ್ಕೆ ಉತ್ತೇಜನ ಕೊಟ್ಟಿತು.

ನಾವು ಹೋದ ಕಾರ್ಖಾನೆಯಲ್ಲಿ ಒಬ್ಬ ತರುಣಿಯು ನಮ್ಮನ್ನು ಎದುರುಗೊಂಡು ತೋಟಕ್ಕೆ ಕರೆದೊಯ್ದಳು. ಇಲ್ಲಿ ನಮ್ಮ ಕಡೆಯ ಚಪ್ಪರಗಳಿಲ್ಲ; ಎದೆಯೆತ್ತರದ ತಂತಿಗಳ ಮೇಲೆ ಬಳ್ಳಿಗಳು ಸಾಲುಸಾಲಾಗಿ ಹಬ್ಬಿವೆ. ಪ್ರತಿಯೊಂದು ಬಳ್ಳಿಯೂ ಕಸಿ ಮಾಡಿದುದು. ಮೇಲಿನ ಕೊಂಬೆ ಫ್ರಾನ್ಸಿನದು, ಕೆಳಗಿನ ಬೇರು ಡಾಗ್ರಿಡ್ಜ್ ಎಂಬ ಅಮೆರಿಕದ ತಳಿಯದು. ಆ ಬೇರು ಬರವನ್ನೂ ಉಪ್ಪು ನೀರನ್ನೂ ತಾಳಿಕೊಳ್ಳುವುದಂತೆ. ಚಳಿದೇಶಗಳಲ್ಲಿ ಹಿಮ ಬಿದ್ದಾಗ ಬಳ್ಳಿಯು ನಿದ್ರಿಸುವುದು. ನಮ್ಮಲ್ಲಿ ಅದಕ್ಕೆ ನಿದ್ರೆಯಿಲ್ಲ. ಆದುದರಿಂದ ಕೊಯ್ಲಾದ ಮೇಲೆ ಒಮ್ಮೆ, ಮಳೆಗಾಲದ ಕೊನೆಗೆ ಮತ್ತೊಮ್ಮೆ ಸವರಿ, ಫಲವನ್ನು ಮಾತ್ರ ವರ್ಷಕ್ಕೆ ಒಂದೇ ಸಲ ಪಡೆಯುವರು. ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರದ ಈ ನೆಲದಲ್ಲಿ ಹಗಲಿನ ಬಿಸಿಲು ಹಣ್ಣಿಗೆ ಸಿಹಿಯನ್ನು ತುಂಬಿದರೆ, ರಾತ್ರಿಯ ತಂಪು ಅದರ ಹುಳಿಯನ್ನು ಉಳಿಸಿಕೊಡುವುದು.

ಕೊಯ್ಲು ನಡೆದಿತ್ತು. ಬಿಸಿಲೇರುವ ಮುನ್ನ ಮುಗಿಸಬೇಕೆಂದು ಹೆಂಗಸರು ಕತ್ತರಿಯಿಂದ ಗೊಂಚಲುಗಳನ್ನು ಬಿಡಿಸಿ ಬುಟ್ಟಿಗಳಿಗೆ ತುಂಬುತ್ತಿದ್ದರು. ಮೇಷ್ಟರು ಗುಂಪಿನಿಂದ ಹಿಂದುಳಿದು ಒಂದು ಬಳ್ಳಿಯ ಬುಡವನ್ನು ಕೈಯಿಂದ ಸವರಿ, ಹನಿ ನೀರಿನ ಕೊಳವೆಯನ್ನು ನೋಡುತ್ತ, “ನಿಮ್ಮೂರಿನಲ್ಲಿ ನೀರು ಎಷ್ಟು ಅಡಿಗಿದೆ ತಾಯಿ?” ಎಂದು ಅಲ್ಲಿದ್ದ ವೃದ್ಧೆಯೊಬ್ಬಳನ್ನು ಕೇಳಿದರು. “ನಮ್ಮೂರಾಗೆ ಎಲ್ಲೈತೆ ಸ್ವಾಮಿ? ಸಾವಿರದಿನ್ನೂರು ಅಡಿ ಕೊರೆಸಿದ್ರು, ಬರೀ ಧೂಳು ಬಂತು” ಎಂದು ಆಕೆ ಕತ್ತರಿಯನ್ನು ನಿಲ್ಲಿಸದೆಯೇ ಉತ್ತರವಿತ್ತಳು.

ಅಲ್ಲಿಂದ ಕಾರ್ಖಾನೆಯೊಳಕ್ಕೆ ಹೋದೆವು. ಹಣ್ಣನ್ನು ತೊಟ್ಟಿನಿಂದ ಬಿಡಿಸುವ ಯಂತ್ರ, ಹಿಂಡುವ ಯಂತ್ರ, ಆಳೆತ್ತರವನ್ನು ಮೀರಿದ ಉಕ್ಕಿನ ಕೊಪ್ಪರಿಗೆಗಳು. ಎಲ್ಲವೂ ಅಡುಗೆಯ ಮನೆಯಂತೆ ತೊಳೆದು ಬೆಳಗಿದ್ದುವು. ಕಪ್ಪು ದ್ರಾಕ್ಷಿಯಾದರೂ ಒಳಗಿನ ತಿರುಳು ಸಾಮಾನ್ಯವಾಗಿ ಬಿಳಿದೇ. ಕೆಂಪು ಬರುವುದು ಸಿಪ್ಪೆಯಿಂದ. ಆದುದರಿಂದ ಕೆಂಪು ರಸವನ್ನು ಸಿಪ್ಪೆಯೊಡನೆಯೇ ಹುದುಗಿಸುವರು, ಬಿಳಿಯದನ್ನು ಮೊದಲೇ ಹಿಂಡಿ ಸೋಸಿಬಿಡುವರು. ಯೀಸ್ಟ್ ಎಂಬ ಸೂಕ್ಷ್ಮಜೀವಿಯು ಹಣ್ಣಿನ ಸಕ್ಕರೆಯನ್ನು ತಿಂದು ಮದ್ಯಸಾರವನ್ನೂ ಇಂಗಾಲಾಮ್ಲ ವಾಯುವನ್ನೂ ಬಿಡುವುದು. 750 ಮಿಲಿಲೀಟರಿನ ಒಂದು ಸೀಸೆಗೆ ಒಂದು ಕಿಲೋಗ್ರಾಮಿಗೂ ತುಸು ಮೇಲೆ ಹಣ್ಣು ಬೇಕಂತೆ. ಕೆಲವು ಕೆಂಪು ರಸಗಳನ್ನು 225 ಲೀಟರು ಹಿಡಿಯುವ ಓಕ್ ಮರದ ಪೀಪಾಯಿಗಳಲ್ಲಿ ತಿಂಗಳುಗಟ್ಟಲೆ ಮಲಗಿಸಿಡುವರು.

ಪಂಡಿತರಿಗೆ ಇದೆಲ್ಲ ಪರಿಚಿತವೆಂದೇ ತೋರಿತು. “ನಮ್ಮ ದ್ರಾಕ್ಷಾಸವವೂ ಹೀಗೆಯೇ. ಒಣದ್ರಾಕ್ಷಿಯ ಕಷಾಯಕ್ಕೆ ಸಿಹಿ ಕೂಡಿಸಿ, ಧಾತಕೀ ಪುಷ್ಪವನ್ನು ಹಾಕಿ, ಬಾಯಿ ಕಟ್ಟಿಡುತ್ತೇವೆ. ಅರ್ಥಶಾಸ್ತ್ರದಲ್ಲಿ ಕೌಟಿಲ್ಯನು ದ್ರಾಕ್ಷಿಯ ಮದ್ಯವನ್ನು ಮಧುವೆಂದು ಕರೆದಿದ್ದಾನೆ. ಆದರೆ ಔಷಧಕ್ಕೆ ಅಳತೆಯುಂಟು, ಚಟಕ್ಕೆ ಅಳತೆಯಿಲ್ಲ, ಅಷ್ಟೇ ವ್ಯತ್ಯಾಸ” ಎಂದರು. ಈ ಮಾತನ್ನು ನಾವು ಮನಃಪೂರ್ವಕವಾಗಿ ಒಪ್ಪುವೆವು. ಎಷ್ಟು ಅಂದದ ಲೋಟದಲ್ಲಿ ಕೊಟ್ಟರೂ ಮದ್ಯವು ಮದ್ಯವೇ. ಅದರಿಂದ ಹಾಳಾದ ಮನೆಗಳನ್ನು ನಾವೂ ಕಂಡವರು.

ರುಚಿ ನೋಡುವ ಕೋಣೆಯಲ್ಲಿ ಒಬ್ಬೊಬ್ಬರ ಮುಂದೆಯೂ ಐದು ಗಾಜಿನ ಲೋಟಗಳನ್ನಿಟ್ಟು, ಬೆರಳಗಲಕ್ಕಿಂತ ಹೆಚ್ಚಾಗದಂತೆ ರಸವನ್ನು ಹಾಕಿದರು. ಬಾಡಿಗೆಯ ಮೋಟಾರಿನ ಚಾಲಕನು ಆ ಕಡೆಗೆ ಸುಳಿಯಲಿಲ್ಲ. ಮೊದಲು ಬಣ್ಣವನ್ನು ನೋಡಬೇಕು, ಆಮೇಲೆ ಮೂಸಬೇಕು, ಕಡೆಗೆ ಒಂದು ಗುಟುಕನ್ನು ಬಾಯೊಳಗೆ ಹೊರಳಿಸಿ, ಬೇಡವಾದರೆ ಪಕ್ಕದ ಪೀಕದಾನಿಗೆ ಉಗುಳಬೇಕು, ಬಲ್ಲವರು ಉಗುಳಿಯೇಬಿಡುವರಂತೆ. “ಉಗುಳುವುದಕ್ಕೆ ಇಷ್ಟು ದೂರ ಬರಬೇಕಾಗಿತ್ತೇನು!” ಎಂದು ಮೇಷ್ಟರ ಮಡದಿಯವರು ಉದ್ಗರಿಸಲು, ಆ ತರುಣಿಯೂ ನಕ್ಕುಬಿಟ್ಟಳು. ಬಿಳಿಯ ರಸದಲ್ಲಿ ಆಗ ತಾನೆ ಕುಯ್ದ ಹುಲ್ಲಿನ ವಾಸನೆಯಿತ್ತು. ಶಿರಾಜ್ ಎಂಬ ಕೆಂಪು ರಸದಲ್ಲಿ ಕರಿಮೆಣಸಿನ ಘಮ, ನಾಲಿಗೆಯ ಮೇಲೆ ನೇರಳೆಯ ಒಗರು. ಎಲ್ಲವೂ ನಮಗೆ ಹಿಡಿಸಿತೆಂದು ಹೇಳಲಾರೆವು.

ಐದನೆಯದು ಬೆಂಗಳೂರು ನೀಲಿಯಿಂದ ಮಾಡಿದ ಸಿಹಿ ರಸ. ಅದಕ್ಕೆ ಬೇಕಾದ ಹಣ್ಣನ್ನು ಸುತ್ತಲಿನ ರೈತರಿಂದಲೇ ಕೊಳ್ಳುವರು. ಅಲ್ಲಿಯವರೆಗೆ ಕೈಕಟ್ಟಿ ಕುಳಿತಿದ್ದ ಮೇಷ್ಟರು ಆ ಒಂದು ಲೋಟವನ್ನು ಮಾತ್ರ ಎತ್ತಿ ಮೂಸಿದರು. ಕುಡಿಯಲಿಲ್ಲ. ಬಹಳ ಹೊತ್ತು ಮೂಸಿ ಕೆಳಗಿಟ್ಟು, “ನಮ್ಮ ಚಪ್ಪರದ ವಾಸನೆ” ಎಂದರು.

ಆಮೇಲೆ ಹೊರಗೆ ಮರದ ನೆರಳಿನಲ್ಲಿ ಕುಳಿತು ಸಂಗತಿಯನ್ನು ಹೇಳಿದರು. ಅವರ ತಂದೆಗೆ ಎರಡು ಎಕರೆ ಬೆಂಗಳೂರು ನೀಲಿಯ ಚಪ್ಪರವಿತ್ತು. ಮೇಷ್ಟರು ಓದಿದುದು ಅದರ ಹಣದಿಂದ. ತಂದೆಯ ಕಾಲಾನಂತರ ಬಾವಿ ಬತ್ತಿತು. ಕೊಳವೆಬಾವಿಯನ್ನು 300 ಅಡಿಗೆ ಕೊರೆಸಿದರು, ಆಮೇಲೆ 600 ಅಡಿಗೆ, ಆಮೇಲೆ 900 ಅಡಿಗೆ. ಇನ್ನೊಂದು ಕೊರೆಸೋಣವೆಂದು ಅಣ್ಣನವರು ಹಣ ಕೇಳಿದಾಗ ಮೇಷ್ಟರು, “ಸಾಕು, ಕಡಿದುಬಿಡು” ಎಂದರಂತೆ. “ಅಣ್ಣ ಕಡಿದ. ಕಲ್ಲುಕಂಬಗಳನ್ನು ನಾನೇ ಎಣಿಸಿ ಮಾರಿದೆ. ಅಂದು ಸಾಲ ತಪ್ಪಿತು, ನಿಜ. ಆದರೆ ಅಂದಿನಿಂದ ಅವನು ನನ್ನೊಡನೆ ಮಾತಾಡಿಲ್ಲ, ನಾನೂ ಹೋಗಲಿಲ್ಲ.”

ಯಾರಿಗೂ ಏನೆನ್ನಬೇಕೆಂದು ತೋಚಲಿಲ್ಲ. ಹಿಂದಿರುಗುವಾಗ ದಾರಿಯ ಬದಿಯಲ್ಲಿ ಬೆಂಗಳೂರು ನೀಲಿಯನ್ನು ರಾಶಿ ಹಾಕಿ ಮಾರುತ್ತಿದ್ದರು. ಮೇಷ್ಟರು ಮೋಟಾರನ್ನು ನಿಲ್ಲಿಸಿ, ನಾಲ್ಕು ಕಿಲೋ ತೂಗಿಸಿಕೊಂಡು, ತಮ್ಮ ಹಳ್ಳಿಯ ಕಡೆಗೆ ತಿರುಗಿಸುವಂತೆ ಚಾಲಕನಿಗೆ ಹೇಳಿದರು. ಅವರ ಮಡದಿಯವರು ಸೆರಗಿನಿಂದ ಕಣ್ಣನ್ನೊರಸಿಕೊಂಡರು.

ಅಣ್ಣನವರು ಜಗಲಿಯ ಮೇಲೆ ಕುಳಿತಿದ್ದರು. ತಮ್ಮನನ್ನು ಕಂಡು ಏಳಲೂ ಇಲ್ಲ, ಮಾತಾಡಲೂ ಇಲ್ಲ. ಮೇಷ್ಟರು ಹಣ್ಣಿನ ಚೀಲವನ್ನು ಅವರ ಮುಂದಿಟ್ಟು ನಿಂತರು. ವೃದ್ಧರು ಒಂದು ಹಣ್ಣನ್ನು ಬಾಯಿಗೆ ಹಾಕಿಕೊಂಡು, ಸಿಪ್ಪೆಯನ್ನು ಉಗುಳಿ, “ಕೊಯ್ಲಿನ ಮುಂಚೆ ನೀರು ಹೆಚ್ಚಾಗಿ ಬಿಟ್ಟಿದ್ದಾನೆ. ಸಿಹಿ ಸಾಲದು. ಅಪ್ಪ ಇದ್ದಿದ್ದರೆ ಬೈಯುತ್ತಿದ್ದರು” ಎಂದರು. ತುಸು ಹೊತ್ತು ಬಿಟ್ಟು, “ಕೂತ್ಕೋ” ಎಂದು ಜಗಲಿಯ ಮೇಲೆ ಸರಿದು ಜಾಗ ಮಾಡಿಕೊಟ್ಟರು.

ಮೇಷ್ಟರು ದಂಪತಿಗಳು ಆ ರಾತ್ರಿ ಅಲ್ಲಿಯೇ ಉಳಿದರು. ಅತ್ತಿಗೆಯವರು ನಮ್ಮನ್ನೂ ಬರಿಗೈಯಲ್ಲಿ ಕಳುಹಿಸಲಿಲ್ಲ. ತಂದ ಹಣ್ಣಿನಲ್ಲಿಯೇ ಅರ್ಧವನ್ನು ನಮ್ಮ ಚೀಲಕ್ಕೆ ಸುರಿದರು. ಮರುದಿನ ನಮ್ಮ ಮನೆಯಲ್ಲಿ ಅದನ್ನು ಹಿಂಡಿ, ಬೆಲ್ಲವನ್ನೂ ಏಲಕ್ಕಿಯನ್ನೂ ಬೆರೆಸಿ ಪಾನಕ ಮಾಡಿದರು. ಸಿಹಿ ಸಾಲದೆಂದು ಅಣ್ಣನವರು ಹೇಳಿದುದು ನಿಜವೇ ಆಗಿತ್ತು. ಬೆಲ್ಲವನ್ನು ಎರಡು ಸಲ ಹಾಕಬೇಕಾಯಿತು.