ಕೇಪಿನ ಕೋವಿ ಮತ್ತು ಮಿಯಾಪುರದ ಮೆಟ್ರೊ

ಕೆಲವು ತಿಂಗಳ ಹಿಂದೆ ಊರಿನಿಂದ ಅಣ್ಣಯ್ಯ ಒಂದು ಕೊರಿಯರ್ ಕಳಿಸಿದ. ಒಳಗೆ ಅರ್ಧ ಕೆಜಿ ಕರಿಮೆಣಸು, ಜೊತೆಗೆ ಟೈಪ್ ಮಾಡಿದ ಒಂದು ಕಾಗದ. ದಿವಂಗತ ತಂದೆಯವರ ಹೆಸರಿನಲ್ಲಿದ್ದ ಒಂಟಿ ನಳಿಗೆಯ ಕೇಪಿನ ಕೋವಿಯ ಲೈಸೆನ್ಸನ್ನು ಅಣ್ಣನ ಹೆಸರಿಗೆ ಮಾಡಿಕೊಡಲು ನನ್ನದೇನೂ ತಕರಾರಿಲ್ಲ ಎಂದು ಅದರಲ್ಲಿತ್ತು. ಕೆಳಗೆ ನನ್ನ ಸಹಿಗೆ ಜಾಗ. ಮಿಯಾಪುರದಲ್ಲಿ ನೋಟರಿ ಹುಡುಕಲು ಹತ್ತು ನಿಮಿಷ ಸಾಕು. ಸಹಿ ಹಾಕಲು ನನಗೆ ಹದಿನೈದು ದಿನ ಬೇಕಾಯಿತು.

ನಮ್ಮದು ಕೊಪ್ಪದ ಕಡೆಯ ಊರು. ಅಡಿಕೆ ತೋಟ, ಒಂದಿಷ್ಟು ಗದ್ದೆ, ಮೂರು ಕಡೆ ಕಾಡು. ಮಂಗ, ಹಂದಿ ಓಡಿಸಲು ಬೆಳೆ ರಕ್ಷಣೆಯ ಲೈಸೆನ್ಸಿನ ಕೋವಿ ಅಪ್ಪಯ್ಯನ ಕೋಣೆಯ ಗೂಟಕ್ಕೆ ನೇತಾಡುತ್ತಿತ್ತು. ಅಪ್ಪಯ್ಯ ಅದರಿಂದ ಏನನ್ನಾದರೂ ಹೊಡೆದದ್ದನ್ನು ನಾನು ಕಂಡಿಲ್ಲ. ಮದ್ದು ಸುರಿದು, ತೆಂಗಿನ ನಾರು ತುರುಕಿ, ಗಜದಿಂದ ಜಡಿದು, ಕೇಪು ಇಟ್ಟು ಆಕಾಶಕ್ಕೆ ಒಂದು ಈಡು ಹಾರಿಸುತ್ತಿದ್ದರು, ಅಷ್ಟೆ. ಗುಡ್ಡದಿಂದ ಗುಡ್ಡಕ್ಕೆ ಸದ್ದು ಹೋಗಿ ವಾಪಸು ಬರುತ್ತಿತ್ತು. ಮಂಗಗಳು ಎರಡು ದಿನ ಪಕ್ಕದ ತೋಟಕ್ಕೆ ಹೋಗುತ್ತಿದ್ದವು. ಆಮೇಲೆ ಪಕ್ಕದ ತೋಟದವರು ಈಡು ಹಾರಿಸುತ್ತಿದ್ದರು.

ಚುನಾವಣೆ ಬಂತೆಂದರೆ ಕೋವಿಯನ್ನು ಠಾಣೆಗೆ ಒಪ್ಪಿಸಬೇಕು, ಮುಗಿದ ಮೇಲೆ ತರಬೇಕು. ಅಪ್ಪಯ್ಯ ಹೋದ ಮೇಲೂ ಅದು ಠಾಣೆಗೇ ಹೋಯಿತು. ಲೈಸೆನ್ಸುದಾರ ಸತ್ತರೆ ಮನೆಯವರು ಆಯುಧವನ್ನು ಠಾಣೆಯಲ್ಲೋ ಲೈಸೆನ್ಸಿರುವ ಡೀಲರ್ ಬಳಿಯೋ ಇಡಬೇಕು ಎನ್ನುವುದು ಕಾನೂನು.

ಫೋನಿನಲ್ಲಿ ಅಣ್ಣಯ್ಯ ಹೇಳಿದ್ದು ಇಷ್ಟು: "ಎಂತ ಮಾಡಾಣ ಹೇಳು ಮಾರಾಯ. ನನ್ನ ಹೆಸರಿಗೆ ಮಾಡಿಸ್ಕಂಡ್ರೆ ರಿನೀವಲ್ಲು, ಠಾಣೆ ಅಂತ ತಿರುಗಬೇಕು. ಸರೆಂಡರ್ ಮಾಡಿದ್ರೆ ಒಂದೇ ಸಲಕ್ಕೆ ಮುಗೀತು. ನಿಂಗೆ ಬೇಕಂದ್ರೆ ಕೆಡಿಸಿ ಗೋಡೆಗೆ ಹಾಕ್ಕಳಾ." ಮೂರನೆಯದೂ ತಮಾಷೆಯ ಮಾತಲ್ಲ. 1959ರ ಆಯುಧ ಕಾಯ್ದೆಯ 45ನೇ ಸೆಕ್ಷನ್ ಪ್ರಕಾರ, ರಿಪೇರಿ ಮಾಡಿದರೂ ಗುಂಡು ಹಾರಿಸಲಾಗದಷ್ಟು ಕೆಟ್ಟ ಹಳೇ ಕೋವಿಗೆ ಲೈಸೆನ್ಸಿನ ಕಟ್ಟುಪಾಡಿಲ್ಲ. ನಮ್ಮ ಅಪಾರ್ಟ್‌ಮೆಂಟಿನ ಹಾಲ್‌ನಲ್ಲಿ, ಟಿವಿಯ ಮೇಲೆ, ಅಪ್ಪಯ್ಯನ ಕೋವಿ. ನನಗೆ ಮೊದಲು ಇಷ್ಟವಾದದ್ದು ಅದೇ.

ಯೋಚನೆ ಮಾಡೋಣವೆಂದು ಒಂದು ಭಾನುವಾರ ಮೆಟ್ರೊ ಹತ್ತಿದೆ. 2017ರ ನವೆಂಬರಿನಲ್ಲಿ ಹೈದರಾಬಾದ್ ಮೆಟ್ರೊ ಉದ್ಘಾಟನೆಯಾದದ್ದು ನಮ್ಮ ಮಿಯಾಪುರದಲ್ಲೇ. ಇಲ್ಲಿಂದ ಎಲ್.ಬಿ. ನಗರದವರೆಗಿನ ಕೆಂಪು ಮಾರ್ಗದಲ್ಲಿ 27 ನಿಲ್ದಾಣ. ಅದೇ ಮಾರ್ಗದಲ್ಲಿ ಕೋವಿ ತೋಪುಗಳ ಇನ್ನೂರು ವರ್ಷದ ಕಥೆ ಮಲಗಿದೆ ಅಂತ ಈ ಊರಿಗೆ ಬಂದು ಎಷ್ಟೋ ವರ್ಷದ ಮೇಲೆ ಗೊತ್ತಾಯಿತು.

ಮೊದಲು ನಾಂಪಲ್ಲಿಯಲ್ಲಿ ಇಳಿದೆ. ಅಲ್ಲಿಂದ ಆಟೊ ಹಿಡಿದರೆ ಗನ್‌ಫೌಂಡ್ರಿ. ಹೆಸರು ಎಲ್ಲರಿಗೂ ಗೊತ್ತು, ಆದರೆ ಫೌಂಡ್ರಿ ಎಲ್ಲಿ ಎಂದು ಕೇಳಿದರೆ ಆಟೊದವರೂ ತಲೆ ಕೆರೆದುಕೊಳ್ಳುತ್ತಾರೆ. ಹಳಬರು 'ತೋಪ್ ಕಾ ಸಾಂಚಾ' ಎನ್ನುತ್ತಾರೆ, ಅಂದರೆ ತೋಪಿನ ಅಚ್ಚು. ಎರಡನೇ ನಿಜಾಮ ಅಲಿ ಖಾನನ ಕಾಲದಲ್ಲಿ ಮಿಶೆಲ್ ರೇಮಂಡ್ ಎಂಬ ಫ್ರೆಂಚ್ ಸೇನಾಧಿಕಾರಿ ಇಲ್ಲಿ ತೋಪು ಎರಕ ಹೊಯ್ಯಿಸುತ್ತಿದ್ದ. ಈಗ ಹಳೇ ಗೋಡೆಗಳು ಉಳಿದಿವೆ, ಸುತ್ತ ಅಂಗಡಿ, ಪಾರ್ಕಿಂಗ್. ಈ ರೇಮಂಡ್ ಹೈದರಾಬಾದಿಗೆ ಬರುವ ಮೊದಲು ನಮ್ಮ ಮೈಸೂರಿನ ಕಡೆ ಇಂಗ್ಲಿಷರ ವಿರುದ್ಧ ಕಾದವನು. ಉದ್ಯೋಗಕ್ಕಾಗಿ ಮೈಸೂರು ಬಿಟ್ಟು ಹೈದರಾಬಾದಿಗೆ ಬಂದವರಲ್ಲಿ ನಾವೇ ಮೊದಲಲ್ಲ!

ಮತ್ತೆ ಮೆಟ್ರೊ ಹಿಡಿದು ಎಂ.ಜಿ. ಬಸ್ ಸ್ಟೇಷನ್ ತಲುಪಿ, ಮೂಸಿ ನದಿ ದಾಟಿ ಸಾಲಾರ್ ಜಂಗ್ ಮ್ಯೂಸಿಯಂಗೆ ಹೋದೆ. ಎಲ್ಲರೂ ಗಂಟೆ ಹೊಡೆಯುವ ಗಡಿಯಾರದ ಮುಂದೆ ಜಮಾಯಿಸಿದ್ದರು. ನಾನು ಆಯುಧಗಳ ಕೋಣೆಗೆ ನಡೆದೆ. ಗಾಜಿನ ಹಿಂದೆ ಬತ್ತಿ ಕೋವಿಗಳು, ಚಕಮಕಿ ಕೋವಿಗಳು. ಬತ್ತಿ ಕೋವಿಗೆ ಸದಾ ಉರಿಯುವ ಬತ್ತಿ ಬೇಕು. ಚಕಮಕಿ ಕೋವಿಗೆ ಬೇಡ. ಅದರ ಕುದುರೆಯ ಬಾಯಿಗೆ ತೊಗಲಿನ ತುಂಡು ಸುತ್ತಿದ ಚಕಮಕಿ ಕಲ್ಲನ್ನು ಸಿಕ್ಕಿಸಿರುತ್ತಾರೆ. ಕುದುರೆ ಬಿದ್ದಾಗ ಕಲ್ಲು ಎದುರಿನ ಉಕ್ಕಿನ ಪಟ್ಟಿಗೆ ಉಜ್ಜಿ ಕಿಡಿ ಹಾರುತ್ತದೆ, ಅದೇ ಪೆಟ್ಟಿಗೆ ಪಟ್ಟಿ ಹಿಂದಕ್ಕೆ ಮಗುಚಿ ಕೆಳಗಿನ ಪುಟ್ಟ ಬಟ್ಟಲು ತೆರೆದುಕೊಳ್ಳುತ್ತದೆ. ಬಟ್ಟಲಿನ ಮದ್ದು ಭಗ್ಗೆಂದು ಹತ್ತಿ, ಸಣ್ಣ ತೂತಿನ ಮೂಲಕ ನಳಿಗೆಯೊಳಗಿನ ಮದ್ದಿಗೆ ಬೆಂಕಿ ತಲುಪುತ್ತದೆ. ಒಂದು ಹನಿ ಮಳೆ ಬಟ್ಟಲಿಗೆ ಬಿದ್ದರೆ ಎಲ್ಲವೂ ಠುಸ್. ನಮ್ಮ ಆಗುಂಬೆ ಸೀಮೆಯ ಆಷಾಢದಲ್ಲಿ ಈ ಕೋವಿ ಹಿಡಿದು ನಿಂತವನ ಪಾಡು ಊಹಿಸಿ ನಗು ಬಂತು.

ಈ ಜಾತಿಯ ಕೋವಿ ಜಗತ್ತನ್ನೇ ಸುತ್ತಿದೆ. ಇಂಗ್ಲೆಂಡಿನಲ್ಲಿ ಮಾಡಿದ ಅಗ್ಗದ ಚಕಮಕಿ ಕೋವಿಗಳನ್ನು ಹಡ್ಸನ್ಸ್ ಬೇ ಕಂಪನಿ ಕೆನಡಾದ ಮೂಲನಿವಾಸಿಗಳಿಗೆ ಕೊಟ್ಟು, ಬದಲಿಗೆ ಬೀವರ್ ತುಪ್ಪಳ ಪಡೆಯುತ್ತಿತ್ತು. ಅವುಗಳ ಪಕ್ಕದಲ್ಲಿ ಹಾವಿನಾಕಾರದ ಹಿತ್ತಾಳೆ ತಗಡು ಇರುತ್ತಿತ್ತು, ಅದಿಲ್ಲದ ಕೋವಿಯನ್ನು ಕೊಳ್ಳುವವರು ನಂಬುತ್ತಿರಲಿಲ್ಲವಂತೆ. ಅಮೆರಿಕದಲ್ಲಿ ಇಂದಿಗೂ ಹವ್ಯಾಸಿಗಳು ಮರ ಕೆತ್ತಿ, ಲೋಹ ಅರೆದು ಅಂಥದನ್ನು ಕೈಯಾರೆ ಮಾಡಿಕೊಳ್ಳುತ್ತಾರೆ. ಅದೇ ಕಾಲಕ್ಕೆ ಶ್ರೀರಂಗಪಟ್ಟಣದ ಕಮ್ಮಾರರು ಟಿಪ್ಪುವಿಗಾಗಿ ಮಾಡಿದ ಕೋವಿಗಳಲ್ಲಿ ಕುದುರೆಯೇ ಹುಲಿಯ ತಲೆ, ಮೈತುಂಬ ಹುಲಿಪಟ್ಟೆ. ಅಲ್ಲಿ ಹಾವು, ಇಲ್ಲಿ ಹುಲಿ.

ಆ ಗಾಜಿನ ಮುಂದೆ ನಿಂತಾಗಲೇ ನನಗೊಂದು ನೆನಪಾಯಿತು. ನಮ್ಮ ಕೋವಿಯ ಕುದುರೆಯ ಮುಂದೆ, ಕಬ್ಬಿಣದ ತಗಡಿನಲ್ಲಿ, ಯಾವ ಕೆಲಸಕ್ಕೂ ಬಾರದ ತೂತುಗಳಿದ್ದವು. ಚಿಕ್ಕವನಿದ್ದಾಗ ಅದರಲ್ಲಿ ಕಡ್ಡಿ ತೂರಿಸಿ ಬೈಸಿಕೊಂಡಿದ್ದೆ. ಗಾಜಿನ ಹಿಂದಿನ ಚಕಮಕಿ ಕೋವಿಯಲ್ಲಿ ಸರಿಯಾಗಿ ಅದೇ ಜಾಗದಲ್ಲಿ ಉಕ್ಕಿನ ಪಟ್ಟಿಯೂ ಅದರ ಸ್ಪ್ರಿಂಗೂ ಸ್ಕ್ರೂ ಹಾಕಿ ಕೂತಿವೆ! 1830-40ರ ಹೊತ್ತಿಗೆ ಕೇಪು ಬಳಕೆಗೆ ಬಂದಾಗ ಎಷ್ಟೋ ಚಕಮಕಿ ಕೋವಿಗಳನ್ನು ಎಸೆಯದೆ ಬದಲಾಯಿಸಿಕೊಂಡರು. ಬಟ್ಟಲನ್ನು, ಪಟ್ಟಿಯನ್ನು ಕಿತ್ತು, ತೂತಿಗೆ ಕೇಪು ಕೂರುವ ಮೊಳೆ ಬಿಗಿದು, ಕುದುರೆಯ ಬದಲು ಸುತ್ತಿಗೆಯಂಥದು ಹಾಕಿದರೆ ಆಯಿತು. ಸ್ಕ್ರೂ ತೂತು ಮಾತ್ರ ಹಾಗೇ ಉಳಿಯುತ್ತಿತ್ತು. "ಇದು ಮೊದಲು ಕಲ್ಲಿನ ಕೋವಿ ಕಣಾ" ಎಂದು ಅಪ್ಪಯ್ಯ ಹೇಳುತ್ತಿದ್ದುದನ್ನು ಹಳೇ ಕಾಲದ ಬಡಾಯಿ ಎಂದುಕೊಂಡಿದ್ದೆ.

ಸಂಜೆ ಮೂಸಾರಾಂಬಾಗ್‌ನಲ್ಲಿ ಇಳಿದು ರೇಮಂಡನ ಸಮಾಧಿಯ ದಿಬ್ಬ ಹತ್ತಿದೆ. ಮುಸ್ಲಿಮರಿಗೆ ಅವನು ಮೂಸಾ ರಹೀಮ್, ಹಿಂದೂಗಳಿಗೆ ಮೂಸಾ ರಾಮ್, ನಿಲ್ದಾಣಕ್ಕೆ ಅದೇ ಹೆಸರು. ಅವನು 1798ರ ಮಾರ್ಚಿನಲ್ಲಿ ಸತ್ತ. ಅದೇ ವರ್ಷ ಅಕ್ಟೋಬರಿನಲ್ಲಿ ಇಂಗ್ಲಿಷರು ಅವನ ದಂಡಿನ ಕೈಯಿಂದ ಕೋವಿ ಕೆಳಗಿಡಿಸಿದರು. ಮರುವರ್ಷ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ ನಿಜಾಮನ ಸೇನೆ ಇಂಗ್ಲಿಷರ ಪಕ್ಕದಲ್ಲಿತ್ತು. ಕೋವಿ ಯಾರ ಕೈಯಲ್ಲಿದೆ, ಯಾರು ಅದನ್ನು ಕಿತ್ತುಕೊಳ್ಳಬಹುದು ಎಂಬುದೇ ಆಗ ದೊಡ್ಡ ರಾಜಕೀಯ. 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಡಗಿನವರಿಗೆ ನಿರಾಯುಧ ಕಾಯ್ದೆಯಿಂದ ವಿನಾಯಿತಿ ಕೊಟ್ಟದ್ದೂ ಅದೇ ರಾಜಕೀಯದ ಇನ್ನೊಂದು ಮುಖ. ಆ ವಿನಾಯಿತಿ ಈಗಲೂ ಇದೆ. ಕೈಲ್‌ಪೊಳ್ದಿನಲ್ಲಿ ಅವರು ಕೋವಿಗೆ ತೋಕ್ ಪೂ ಸಿಕ್ಕಿಸಿ ಪೂಜಿಸುತ್ತಾರೆ. ಮಗು ಹುಟ್ಟಿದರೂ, ಮನೆಯವರು ಸತ್ತರೂ ಕೋವಿಯ ಸದ್ದೇ ಊರಿಗೆ ಸುದ್ದಿ ಮುಟ್ಟಿಸುತ್ತಿತ್ತು.

ದಿಬ್ಬದ ಮೇಲೆ ಕೂತು ನನ್ನ ಹಾಲಿನ ಗೋಡೆಯನ್ನು ನೆನೆದೆ. ಆ ಕೋವಿ ಒಮ್ಮೆ ಕಾಲಕ್ಕೆ ತಕ್ಕಂತೆ ಬದಲಾಗಿ, ಮಳೆಯಲ್ಲೂ ಕೆಲಸ ಮಾಡುವಂತಾಗಿ, ಬದುಕಿಕೊಂಡು ಬಂದಿದೆ. ನಳಿಗೆಗೆ ತೂತು ಕೊರೆದು ಕೆಡಿಸಿ ಟಿವಿಯ ಮೇಲೆ ನೇತುಹಾಕಿದರೆ ಅದು ನನ್ನ ಬೇಸರಕ್ಕೊಂದು ಅಲಂಕಾರವಾದೀತು, ಅಷ್ಟೆ. ತೋಟ ನೋಡಿಕೊಳ್ಳುವವನು ಅಣ್ಣಯ್ಯ, ಮಂಗ ಓಡಿಸಬೇಕಾದವನೂ ಅವನೇ. ಸರೆಂಡರ್ ಮಾತ್ರ ಬೇಡ, ನಿನ್ನ ಹೆಸರಿಗೇ ಮಾಡಿಸಿಕೊ, ಓಡಾಟದ ಖರ್ಚು ನನ್ನದು ಎಂದು ಅಲ್ಲಿಂದಲೇ ಫೋನ್ ಮಾಡಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. "ನಂಗೂ ಕೊಡಕ್ಕೆ ಮನಸ್ಸಿರಲಿಲ್ಲ. ನೀನೇ ಬೇಡ ಅಂತೀಯೇನೋ ಅಂದ್ಕಂಡಿದ್ದೆ" ಅಂದ.

ಮಾರನೇ ದಿನ ಆಲ್ವಿನ್ ಕ್ರಾಸ್ ರೋಡಿನ ಹತ್ತಿರ ನೋಟರಿಯ ಮುಂದೆ ಸಹಿ ಹಾಕಿ ಕೊರಿಯರ್ ಮಾಡಿದೆ. ಠಾಣೆಗೆ ಹೋದಾಗ ಕುದುರೆಯ ಮುಂದೆ ಎರಡು ತೂತಿವೆಯಾ ನೋಡು ಎಂದು ಹೇಳಿದ್ದೆ. ವಾರದ ಮೇಲೆ ಅಣ್ಣಯ್ಯನ ಫೋನು ಬಂತು. ಫೋಟೊ ತೆಗೆಯಲು ಬಿಡಲಿಲ್ಲವಂತೆ, ಮುಟ್ಟಿ ನೋಡಲು ಬಿಟ್ಟರಂತೆ.

"ಎರಡಲ್ಲ ಮಾರಾಯ, ಮೂರು ಇದಾವೆ. ಒಂದ್ರಲ್ಲಿ ಇನ್ನೂ ನಿನ್ನ ಕಡ್ಡಿ ಮುರಿದು ಕೂತದೆ."